ದೀಪದ ಗೂಡಿನಲ್ಲಿ ಪ್ಲಗ್ ಪಾಯಿಂಟು

ಗ್ರಂಥಾಲಯದ ಹಳೆ ವೈರಿಂಗ್ ಬದಲಿಸಲು ಹೋದ ನಾನು, ವೈರು ಹಾಯುವ ಮರದ ಕೇಸಿಂಗಿನ ಮುಚ್ಚಳ ಎತ್ತಿದೆ. ಒಳಗಿನ ವೈರಿನ ರಬ್ಬರು ಹಳೆಯ ಹಪ್ಪಳದಂತೆ ಪುಡಿಯಾಗಿ ಅಂಗೈಗೆ ಬಿತ್ತು. ಕಲಾಯಿ ಹಾಕಿದ ತಾಮ್ರದ ಎಳೆಗಳಷ್ಟೇ ಗಟ್ಟಿಯಾಗಿ ಉಳಿದಿದ್ದವು. ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿದರೆ ಕನಿಷ್ಠ ಒಂದು ಮೆಗಾ ಓಮ್ ತೋರಿಸಬೇಕಾದಲ್ಲಿ ಮುಳ್ಳು ಸೊನ್ನೆಯ ಬಳಿಯೇ ಕೂತಿತು. ಇಷ್ಟು ವರ್ಷ ಬೆಂಕಿ ಬೀಳದೆ ಉಳಿದದ್ದು ಯಾರ ಪುಣ್ಯವೋ.

ಹಳೆ ಮೈಸೂರು ಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿರುವ, ನೂರು ವರ್ಷ ದಾಟಿದ ಸಾರ್ವಜನಿಕ ಗ್ರಂಥಾಲಯ ಅದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ತಲುಪಿತ್ತು. ಆದರೂ ಈ ಕಟ್ಟಡ ಎದ್ದಾಗ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಗೋಡೆಗಳಲ್ಲಿ ಎಣ್ಣೆ ದೀಪದ ಗೂಡುಗಳಿವೆ. ಆಮೇಲೆ ಬಲ್ಬು ಬಂತು, ಫ್ಯಾನು ಬಂತು, ಕಂಪ್ಯೂಟರು, ಜೆರಾಕ್ಸ್ ಯಂತ್ರ ಬಂದವು. ವೈರು ಮಾತ್ರ ಅದೇ. ಪಿಂಗಾಣಿ ಫ್ಯೂಸು ಹೋದಾಗಲೆಲ್ಲ ಇನ್ನಷ್ಟು ದಪ್ಪ ತಂತಿ ಕಟ್ಟುತ್ತ ಬಂದು, ಕೊನೆಗೆ ಫ್ಯೂಸಿಗಿಂತ ಮೊದಲು ವೈರೇ ಸುಡುವ ಸ್ಥಿತಿಗೆ ತಂದಿದ್ದರು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಹೆಸರಿನಲ್ಲಿ ನಲ್ಲಿ ಪೈಪಿಗೊಂದು ತಂತಿ ಸುತ್ತಿದ್ದರು. ಆ ಪೈಪು ಯಾವಾಗಲೋ ಪ್ಲಾಸ್ಟಿಕ್ಕಿನದಾಗಿತ್ತು!

ಮನೆಗಳಲ್ಲಿ ಮಾಡುವಂತೆ ಗೋಡೆ ಸೀಳಿ ಪೈಪು ಹುದುಗಿಸುವುದೆಂದು ಲೆಕ್ಕ ಹಾಕಿದ್ದೆ. ಒಂದಡಿ ಕೊರೆಯುವಷ್ಟರಲ್ಲಿ ಮೊರದಗಲ ಗಾರೆ ಕಳಚಿ ಬಿತ್ತು. ಜೊತೆಗಿದ್ದ ಗಾರೆ ಮೇಸ್ತ್ರಿ, "ಇಲ್ಲಿಗೆ ನಿಲ್ಲಿಸಿ ಸಾರ್. ಇದಕ್ಕೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಸುತ್ತಲಿನದೂ ಉದುರುತ್ತದೆ" ಎಂದರು. ಸುಣ್ಣದ ಗೋಡೆ ಉಸಿರಾಡುವ ಗೋಡೆ. ಅದನ್ನು ನಾನು ಕಲಿತದ್ದು ಇಪ್ಪತ್ತು ವರ್ಷ ವೈರಿಂಗ್ ಮಾಡಿದ ಮೇಲೆ.

ಕೊರೆಯುವುದು ಬಿಟ್ಟು ದಾರಿ ಹುಡುಕಿದೆ. ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ಮದ್ರಾಸ್ ತಾರಸಿ ಅದು. ಆ ತೊಲೆಗಳ ಪಕ್ಕದಲ್ಲೇ ತಾಮ್ರದ ಹೊದಿಕೆಯ ಕೇಬಲ್ ಎಳೆದೆವು. ಅದರೊಳಗೆ ರಬ್ಬರೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ, ಮೆಗ್ನೀಸಿಯಂ ಆಕ್ಸೈಡ್ ಪುಡಿ ಇರುತ್ತದೆ. ಬೆಂಕಿಗೆ ಜಗ್ಗುವುದಿಲ್ಲ, ಆದರೆ ತೇವ ಹೀರುತ್ತದೆ, ಹಾಗಾಗಿ ಕತ್ತರಿಸಿದ ತುದಿಗಳನ್ನು ತಡಮಾಡದೆ ಮುಚ್ಚಬೇಕು. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಓದುವ ಹಾಲಿಗೆ ಮಾತ್ರ ಅದನ್ನು ಬಳಸಿದೆವು. ಗೋಡೆಯ ಮೇಲೆ ಕ್ಲಿಪ್ಪುಗಳನ್ನು ಇಟ್ಟಿಗೆಗೆ ಹೊಡೆಯದೆ ಇಟ್ಟಿಗೆಗಳ ನಡುವಿನ ಸಂದಿಗೆ ಹೊಡೆದೆವು, ನಾಳೆ ಕಿತ್ತರೂ ಸುಣ್ಣ ತುಂಬಿದರೆ ಸಾಕು. ಪ್ಲಗ್ ಪಾಯಿಂಟುಗಳಿಗೆ ದೀಪದ ಗೂಡುಗಳೇ ಒದಗಿದವು.

ಹಳೆಯ ಹಿತ್ತಾಳೆ ಸ್ವಿಚ್ಚುಗಳನ್ನು ತೆಗೆಯಬಾರದೆಂದು ಗ್ರಂಥಪಾಲಕಿ ಮೇಡಂ ಪಟ್ಟು ಹಿಡಿದರು. ಅರ್ತಿಂಗ್ ಇಲ್ಲದ ಹಿತ್ತಾಳೆಯ ಮೇಲೆ 230 ವೋಲ್ಟ್ ಬಿಡಲು ನಾನು ಒಪ್ಪಲಿಲ್ಲ. ಕೊನೆಗೆ ಅವುಗಳಿಗೆ 24 ವೋಲ್ಟ್ ಮಾತ್ರ ಕೊಟ್ಟು, ದೀಪ ಹೊತ್ತಿಸುವ ಕೆಲಸವನ್ನು ಬೋರ್ಡಿನೊಳಗಿನ ರಿಲೇಗಳಿಗೆ, ಅಂದರೆ ಸಣ್ಣ ಕರೆಂಟಿನಿಂದ ತಾವೇ ಕೆಲಸ ಮಾಡುವ ಸ್ವಿಚ್ಚುಗಳಿಗೆ, ವಹಿಸಿದೆ. ಈಗ ಸ್ವಿಚ್ಚು ಒತ್ತಿದರೆ ಮೊದಲಿನಂತೆ "ಟಕ್" ಎನ್ನುತ್ತದೆ, ಮರುಕ್ಷಣ ಬೋರ್ಡಿನಿಂದಲೂ ಇನ್ನೊಂದು "ಟಕ್".

ಗ್ರಂಥಾಲಯ ಮುಚ್ಚುವಂತಿರಲಿಲ್ಲ, ಸಂಜೆ ಬಾಗಿಲು ಹಾಕಿದ ಮೇಲೆ ನಮ್ಮ ಕೆಲಸ. ಓದುವ ಹಾಲಿನ ಕೆಲಸ ಮುಗಿದ ರಾತ್ರಿ, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಹೊಸ ಆರ್‌ಸಿಸಿಬಿ ಸ್ವಿಚ್ಚನ್ನು ಏರಿಸಿದೆವು, ನಿಂತಿತು. ಜಗಲಿಯ ದೀಪ ಹಾಕಿದೊಡನೆ ಹಾಲೆಲ್ಲ ಕತ್ತಲು. ಮೂರು ಸಲ ಹೀಗೇ ಆಯಿತು. ಹಾಲಿನ ವೈರುಗಳನ್ನೆಲ್ಲ ಮತ್ತೆ ಪರೀಕ್ಷಿಸಿ ಒಂದು ರಾತ್ರಿ ಕಳೆದೆ. ದೋಷವಿದ್ದದ್ದು ಬೇರೆಡೆ. ಜಗಲಿಯದು ಇನ್ನೂ ಹಳೆಯ ವೈರಿಂಗ್. ಅದರ ಫೇಸ್, ಅಂದರೆ ಕರೆಂಟು ತರುವ ವೈರು, ಹಳೆಯ ಬೋರ್ಡಿನಿಂದ ಬರುತ್ತಿತ್ತು, ಕರೆಂಟು ಮರಳುವ ನ್ಯೂಟ್ರಲನ್ನು ಮಾತ್ರ ನಮ್ಮ ಹುಡುಗ ಹಾಲಿನ ನ್ಯೂಟ್ರಲ್ ಪಟ್ಟಿಗೆ ಸೇರಿಸಿದ್ದ. ನಲವತ್ತು ವ್ಯಾಟಿನ ಬಲ್ಬು ಸುಮಾರು 170 ಮಿಲಿ ಆಂಪಿಯರ್ ಎಳೆಯುತ್ತದೆ, ಅದಷ್ಟೂ ಹಾಲಿನ ಕಡೆಯಿಂದ ಮರಳುತ್ತಿತ್ತು. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಸಾಕು, ಆ ಆರ್‌ಸಿಸಿಬಿ ಬಿದ್ದುಹೋಗುತ್ತದೆ. ಹುಡುಗನನ್ನು ಬೈಯಲಿಲ್ಲ, ವೈರುಗಳಿಗೆ ಗುರುತು ಚೀಟಿ ಅಂಟಿಸದೆ ಬಿಟ್ಟವನು ನಾನೇ.

ಅಂಗಳದಲ್ಲಿ ಎರಡು ಅರ್ತ್ ಗುಂಡಿ ತೋಡಿಸಿ ಜಗಲಿಯನ್ನೂ ಮುಗಿಸಿದೆವು. ಕೊರೆದು ಕೆಡಿಸಿದ ಆ ಒಂದಡಿ ಗೋಡೆಗೆ ಮೇಸ್ತ್ರಿ ಸುಣ್ಣದ ಗಾರೆಯನ್ನೇ ಹದಮಾಡಿ, ಪದರದ ಮೇಲೆ ಪದರ ಹಾಕಿ, ಒಣಗಲು ಬಿಟ್ಟರು. ಆ ಕೂಲಿಯನ್ನು ನಾನು ಬಿಲ್ಲಿನಲ್ಲಿ ಸೇರಿಸಲಿಲ್ಲ.