ಕಾಡಿನ ಹೊಗೆ, ಮೇಲೆ ಸೆಕೆ: ಕಿಟಕಿ ತೆಗೆಯಬೇಕಾ, ಮುಚ್ಚಬೇಕಾ?

ಸೆಕೆ ಜಾಸ್ತಿಯಾದರೆ ಕಿಟಕಿ ತೆಗೆಯಿರಿ ಅಂತಾರೆ. ಹೊಗೆ ಬಂದರೆ ಮುಚ್ಚಿ ಅಂತಾರೆ. ಎರಡೂ ಸರಿಯಾದ ಮಾತೇ. ಆದರೆ ಉಷ್ಣವಲಯದ ಕಾಡುಗಳ ಅಕ್ಕಪಕ್ಕ ಬದುಕುವವರಿಗೆ ಇವೆರಡೂ ಒಟ್ಟಿಗೇ ಬರುತ್ತವೆ. ಅಮೆಜಾನ್ ಇರಲಿ, ಆಗ್ನೇಯ ಏಷ್ಯಾದ ಬೋರ್ನಿಯೊ ದ್ವೀಪ ಇರಲಿ, ಮಳೆ ನಿಂತು ನೆಲ ಒಣಗಿದಾಗಲೇ ಕಡಿದ ಕಾಡಿಗೆ ಬೆಂಕಿ ಇಡುತ್ತಾರೆ, ಬಿಸಿಲೂ ಆಗಲೇ ಏರಿರುತ್ತದೆ. ಹಾಗಾಗಿ ಇಲ್ಲಿ ಹೊಗೆಗೊಂದು ಪಟ್ಟಿ, ಸೆಕೆಗೊಂದು ಪಟ್ಟಿ ಕೊಡುವುದಿಲ್ಲ. ಎರಡು ಸಲಹೆಗಳು ಒಂದಕ್ಕೊಂದು ಅಡ್ಡ ಬಂದಾಗ ಯಾವುದನ್ನು ಕೇಳಬೇಕು ಅನ್ನುವುದಷ್ಟೇ ವಿಷಯ.

1. ಮೈಗೆ ಏನಾಗುತ್ತದೆ ಅಂತ ಮೊದಲು ತಿಳಿಯಿರಿ

ಸೆಕೆಯಲ್ಲಿ ಮೈ ತಣ್ಣಗಾಗಲು ಹೃದಯ ಜಾಸ್ತಿ ರಕ್ತವನ್ನು ಚರ್ಮದ ಕಡೆ ಕಳಿಸುತ್ತದೆ. ಬೆವರು ಆರಿದರೆ ಮಾತ್ರ ಆ ಬಿಸಿ ಹೊರಗೆ ಹೋಗುತ್ತದೆ. ಕಾಡಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಬೆವರು ಆರುವುದೇ ಇಲ್ಲ, ಸುಮ್ನೆ ಸುರಿಯುತ್ತದೆ. ಬಿಸಿ ಮತ್ತು ತೇವ ಎರಡನ್ನೂ ಸೇರಿಸಿ ಅಳೆಯುವುದಕ್ಕೆ 'ವೆಟ್ ಬಲ್ಬ್' ಉಷ್ಣತೆ ಅಂತಾರೆ. ಅದು 35 ಡಿಗ್ರಿ ಮುಟ್ಟಿದರೆ ಮನುಷ್ಯ ತಡೆಯಲಾರ ಅಂತ ಹಿಂದೆ ಲೆಕ್ಕ ಹಾಕಿದ್ದರು. ಆದರೆ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೇವದ ಸೆಕೆಯಲ್ಲಿ ಆರೋಗ್ಯವಂತ ಯುವಕರ ಮೈಬಿಸಿ ಸುಮಾರು 31ರಲ್ಲೇ ಹತೋಟಿ ತಪ್ಪಿ ಏರತೊಡಗಿತು. 34 ಡಿಗ್ರಿ ಬಿಸಿಗೆ ಶೇ 80 ತೇವ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಬರೀ 34 ಅಲ್ವಾ ಅಂತ ನೋಡಿ ಬಿಡುವ ಹಾಗಿಲ್ಲ.

ಇದರ ಮೇಲೆ ಹೊಗೆ. ಅದರಲ್ಲಿ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ಪಿಎಂ 2.5, ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ, ರಕ್ತನಾಳಗಳಲ್ಲೂ ಉರಿಯೂತ ಎಬ್ಬಿಸುತ್ತವೆ. ಮೊದಲೇ ಓಡುತ್ತಿರುವ ಹೃದಯಕ್ಕೆ ಇನ್ನೊಂದು ಹೊರೆ. ವಯಸ್ಸಾದವರು, ಎಳೆ ಮಕ್ಕಳು, ಬಸುರಿಯರು, ಹೃದಯದ ತೊಂದರೆ ಅಥವಾ ಆಸ್ತಮಾ ಇರುವವರು ಮೊದಲು ಕುಸಿಯುವುದು ಇದಕ್ಕೇ.

2. ಕಣ್ಣನ್ನು ನಂಬಬೇಡಿ, ಅಳತೆ ನೋಡಿ

ಎಷ್ಟು ದೂರದ ಗುಡ್ಡ ಕಾಣುತ್ತದೆ ಅನ್ನುವುದರ ಮೇಲೆ ಹೊಗೆಯನ್ನು ಅಂದಾಜು ಮಾಡುವ ರೂಢಿ ಒಣಹವೆಯ ಜಾಗಗಳಿಗೆ ಸರಿ. ಕಾಡಿನಲ್ಲಿ ಮಂಜು ಯಾವುದು, ಹೊಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಗಂಟೆಗಂಟೆಯ ಪಿಎಂ 2.5 ಅಳತೆ ಸಿಕ್ಕರೆ ಅದನ್ನು ನೋಡಿ. ದಿನದ ಸರಾಸರಿ ನೋಡಿಕೊಂಡು ಕೂತರೆ ಈಗಷ್ಟೇ ಬಂದ ಹೊಗೆ ಅದರಲ್ಲಿ ಕಾಣುವುದೇ ಇಲ್ಲ. ಮನೆಯಲ್ಲಿ ಇಡುವ ಸಣ್ಣ ಸೆನ್ಸರ್‌ಗಳು ತೇವ ಜಾಸ್ತಿ ಇದ್ದಾಗ ಸ್ವಲ್ಪ ಹೆಚ್ಚೇ ತೋರಿಸುತ್ತವೆ, ಅದು ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ ದಿನಕ್ಕೆ ಒಂದು ಘನ ಮೀಟರ್ ಗಾಳಿಯಲ್ಲಿ 15 ಮೈಕ್ರೋಗ್ರಾಂ. ಬೆಂಕಿಯ ಕಾಲದಲ್ಲಿ ಇದನ್ನು ದಾಟುವುದು ತೀರಾ ಸುಲಭ. 2015ರಲ್ಲಿ ಬೋರ್ನಿಯೊದ ಪಲಂಕರಾಯ ನಗರದ ಮಾಲಿನ್ಯ ಸೂಚ್ಯಂಕ 2000 ದಾಟಿತ್ತು, ಆ ಸೂಚ್ಯಂಕದಲ್ಲಿ 300 ದಾಟಿದರೇ ಅಪಾಯ ಅಂತ ಲೆಕ್ಕ.

ಅಲ್ಲಿ ಉರಿದದ್ದು ಬರೀ ಮರ ಅಲ್ಲ, ಪೀಟ್ ನೆಲ. ಸಾವಿರಾರು ವರ್ಷ ನೀರಿನಲ್ಲಿ ಕೊಳೆತು ಪದರ ಪದರವಾದ ಗಿಡಗಂಟಿ ಅದು. ಕಾಲುವೆ ತೋಡಿ ನೀರು ಬಸಿದ ಮೇಲೆ ಒಣಗಿ, ನೆಲದಡಿಯಲ್ಲೇ ವಾರಗಟ್ಟಲೆ ಹೊಗೆಯಾಡುತ್ತದೆ. ಉರಿ ಕಾಣುತ್ತಿಲ್ಲ ಅಂದಮಾತ್ರಕ್ಕೆ ಬೆಂಕಿ ಆರಿದೆ ಅಂತಲ್ಲ.

3. ಕೆಲಸದ ಹೊತ್ತು ಬದಲಿಸಿ

ನನಗೆ ಎಲ್ಲಕ್ಕಿಂತ ಕಷ್ಟದ ವಿಷಯ ಅನಿಸುವುದು ಇದೇ. ಸೆಕೆಗಾಲದಲ್ಲಿ ನಸುಕಿನಲ್ಲೇ ಕೆಲಸ ಮುಗಿಸಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ರಾತ್ರಿ ನೆಲ ತಣ್ಣಗಾದಾಗ ತಂಪು ಗಾಳಿ ಕೆಳಗೆ ನಿಲ್ಲುತ್ತದೆ, ಹೊಗೆಯೂ ಅದರ ಜೊತೆ ನೆಲಕ್ಕೆ ಅಂಟಿಕೊಳ್ಳುತ್ತದೆ. ತಂಪಾದ ಹೊತ್ತೇ ಎಷ್ಟೋ ಸಲ ಅತಿ ಕೆಟ್ಟ ಗಾಳಿಯ ಹೊತ್ತು. ಬಿಸಿಲೇರಿ ಗಾಳಿ ಕಲಕಿದ ಮೇಲೆ ಹೊಗೆ ಚದುರುತ್ತದೆ, ಅಷ್ಟರಲ್ಲಿ ಸೆಕೆ ಶುರು, ಮಧ್ಯಾಹ್ನಕ್ಕೆ ಬಿಸಿಲಿನಿಂದಲೇ ಹುಟ್ಟುವ, ಉಸಿರಿಗೆ ಕೆಡುಕಾದ ಓಝೋನ್ ಅನಿಲ ಬೇರೆ ಸೇರಿಕೊಳ್ಳುತ್ತದೆ. ಕೆಲವು ದಿನ ಗಂಟೆಗಂಟೆಯ ಅಳತೆ ಬರೆದಿಟ್ಟು ನೋಡಿದರೆ ಹೊಗೆ ಇಳಿದು ಸೆಕೆ ಇನ್ನೂ ಏರದ ಒಂದು ಹೊತ್ತು ಸಾಮಾನ್ಯವಾಗಿ ಕಾಣಿಸುತ್ತದೆ. ಭಾರದ ಕೆಲಸ ಆಗ ಮಾಡಿ. ಅಂಥ ಹೊತ್ತೇ ಇಲ್ಲದ ದಿನ ಕೆಲಸವನ್ನೇ ಕಡಿಮೆ ಮಾಡಬೇಕು, ಬೇರೆ ದಾರಿಯಿಲ್ಲ.

ಸುಧಾರಿಸಿಕೊಳ್ಳಲು ಮರದ ಕೆಳಗೇ ಕೂರಿ. ಕಾಡು ಕಡಿದ ಬಯಲು ಪಕ್ಕದ ಕಾಡಿಗಿಂತ ಹಲವು ಡಿಗ್ರಿ ಜಾಸ್ತಿ ಕಾಯುತ್ತದೆ. ಸೆಕೆಯ ಕೆಲಸಕ್ಕೆ ಹೊಸಬರಾದರೆ ಮೈ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು, ಮೊದಲ ದಿನವೇ ಪೂರ್ತಿ ಕೆಲಸ ಹೊರಿಸಬೇಡಿ. 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಆದರೆ ಗಂಟೆಗೆ ಒಂದೂವರೆ ಲೀಟರ್ ಮೀರದಂತೆ.

4. ಕಿಟಕಿಯ ತೀರ್ಮಾನ

ಎಸಿ ಇದ್ದರೆ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಇಡಿ, ಮುಗಿಯಿತು. ಇಲ್ಲದವರು ಒಂದು ಕೋಣೆಯನ್ನಾದರೂ ಆರಿಸಿಕೊಂಡು ಸಂದುಗಳನ್ನು ಮುಚ್ಚಿ, ಸಾಧ್ಯವಾದರೆ ಚೌಕ ಫ್ಯಾನಿನ ಹಿಂದೆ ಸಣ್ಣ ಕಣಗಳನ್ನು ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಕಟ್ಟಿ ಓಡಿಸಿ. ಒಳಗೆ ಏನನ್ನೂ ಸುಡಬೇಡಿ.

ಆದರೆ ಮುಚ್ಚಿದ ಕೋಣೆ ಬೇಯತೊಡಗಿದರೆ? ಅಲ್ಲಿ ವಯಸ್ಸಾದವರೋ ಕೂಸೋ ಇದ್ದರೆ? ಆಗ ತೆಗೆಯಿರಿ. ಸೆಕೆ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು, ಹೊಗೆಯ ಹಾನಿ ಬಹಳಷ್ಟು ಜನರಿಗೆ ದಿನಗಳ ಲೆಕ್ಕದಲ್ಲಿ ಕೂಡುತ್ತಾ ಹೋಗುತ್ತದೆ. ಆಸ್ತಮಾದವರಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಅವರನ್ನು ಹೊಗೆ ಕಡಿಮೆ ಇರುವ ತಂಪು ಜಾಗಕ್ಕೆ ಕರೆದೊಯ್ಯುವುದೇ ಸರಿ. ಕೋಣೆ 40 ಡಿಗ್ರಿ ದಾಟಿದರೆ ಬರೀ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಹೊಡೆಯುತ್ತದೆ ಅನ್ನುವುದೂ ಗೊತ್ತಿರಲಿ.

5. ಮಾಸ್ಕ್

ಎನ್95 ಹಾಕಿ, ಮುಖಕ್ಕೆ ಸಂದಿಲ್ಲದೆ ಕೂರಬೇಕು, ಗಡ್ಡ ಇದ್ದರೆ ಕೂರುವುದಿಲ್ಲ. ಒದ್ದೆ ಬಟ್ಟೆ ಕಟ್ಟಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ. ಬೆವರಿಗೆ ತೊಯ್ದ ಮಾಸ್ಕ್ ಬದಲಿಸಿ. ಮಾಸ್ಕ್ ಹಾಕಿ ಭಾರ ಎತ್ತುವಾಗ ಬೇಗ ಸುಸ್ತಾಗುತ್ತದೆ, ಬಿಡುವು ಹೆಚ್ಚಿಸಿ. ಇನ್ನೊಂದು ಮಾತು, ಯಾವ ಎನ್95 ಕೂಡ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲವನ್ನು ತಡೆಯುವುದಿಲ್ಲ.

6. ತಲೆನೋವು ಬಂದರೆ

ತಲೆನೋವು, ವಾಕರಿಕೆ, ಸುಸ್ತು ಸೆಕೆಯಿಂದಲೂ ಬರುತ್ತದೆ, ಹೊಗೆಯಿಂದಲೂ ಬರುತ್ತದೆ, ಕಾಡಿನ ಸೀಮೆಯಲ್ಲಿ ಮಲೇರಿಯಾದಿಂದಲೂ ಬರುತ್ತದೆ. ಮೊದಲು ನೆರಳಿಗೆ, ಹೊಗೆ ಕಡಿಮೆ ಇರುವ ಕಡೆಗೆ ಕರೆತಂದು ನೀರು ಕೊಡಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಪಾಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಣ್ಣಗೆ ಸುಧಾರಿಸಿಕೊಂಡ ಮೇಲೂ ಜ್ವರ ಇಳಿಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಮಾತು ತೊದಲಿದರೆ, ಗಲಿಬಿಲಿಯಾದರೆ, ತೂರಾಡಿದರೆ ಅದು ಹೀಟ್ ಸ್ಟ್ರೋಕ್ ಅಂತಲೇ ತಿಳಿಯಿರಿ, ಮೈ ಬೆವರುತ್ತಿದ್ದರೂ ಸರಿ. ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೂ ಕಾಯದೆ ಮೈಮೇಲೆ ತಣ್ಣೀರು ಸುರಿಯುತ್ತಿರಿ, ನೀರಿನ ತೊಟ್ಟಿ ಇದ್ದರೆ ತಲೆ ಮೇಲಿರುವಂತೆ ಹಿಡಿದು ಅದರಲ್ಲಿ ಕೂರಿಸಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬೆಂಕಿಯ ಹತ್ತಿರ ಕೆಲಸ ಮಾಡಿ ಬಂದವರಿಗೆ ತಲೆ ಸಿಡಿಯುತ್ತಿದ್ದರೆ, ಬೆರಳಿನ ಆಕ್ಸಿಮೀಟರ್ 98 ತೋರಿಸಿತು ಅಂತ ಸುಮ್ಮನಾಗಬೇಡಿ. ಕಾರ್ಬನ್ ಮಾನಾಕ್ಸೈಡ್ ಸೇರಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಅಂತಲೇ ಓದುತ್ತದೆ. ಆಸ್ಪತ್ರೆಗೆ ಹೋದಾಗ ಹೊಗೆಯಲ್ಲಿ ಇದ್ದೆವು ಅಂತ ಬಾಯಿಬಿಟ್ಟು ಹೇಳಿದರೆ ಮಾತ್ರ ಅದಕ್ಕೆ ಬೇಕಾದ ರಕ್ತ ಪರೀಕ್ಷೆ ಮಾಡುತ್ತಾರೆ.