ಐದು ವಿಕೆಟ್ ಬಿದ್ದ ನಂತರದ ಲೆಕ್ಕ: ಟೆಸ್ಟ್ ತಂಡಗಳನ್ನು ನಾನು ಹೋಲಿಸುವ ರೀತಿ

ಟೆಸ್ಟ್ ಸರಣಿಯೊಂದು ಸಮೀಪಿಸಿದಾಗ ಎರಡೂ ತಂಡಗಳ ಬಲಾಬಲವನ್ನು ಬರೆದುಕೊಡುವ ಕೆಲಸವನ್ನು ನಾನು ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಇದಕ್ಕೂ ಮೊದಲು ನಗರದ ಲೀಗ್ ಪಂದ್ಯಗಳಲ್ಲಿ ಸ್ಕೋರರ್ ಆಗಿದ್ದೆ. ಸ್ಕೋರ್ ಪುಸ್ತಕದ ಕೆಳಭಾಗದಲ್ಲಿ ‘ವಿಕೆಟ್ ಪತನ’ ಎಂಬ ಒಂದು ಸಾಲಿರುತ್ತದೆ; ತಂಡದ ಮೊತ್ತ ಎಷ್ಟಿದ್ದಾಗ ಯಾವ ವಿಕೆಟ್ ಬಿತ್ತು ಎಂಬುದು ಅದರಲ್ಲಿರುತ್ತದೆ. ಓದುಗರು ಸಾಮಾನ್ಯವಾಗಿ ಅದನ್ನು ದಾಟಿ ಮುಂದೆ ಹೋಗುತ್ತಾರೆ. ಪಂದ್ಯದ ದಿಕ್ಕು ಯಾವಾಗ ಬದಲಾಯಿತು ಎಂಬುದನ್ನು ಶತಕ ಹೊಡೆದವರ ಹೆಸರಿಗಿಂತ ಸ್ಪಷ್ಟವಾಗಿ ಹೇಳುವುದು ಆ ಸಾಲೇ ಎಂಬುದು ನನ್ನ ದೃಢವಾದ ನಂಬಿಕೆ. ಎರಡು ರಾಷ್ಟ್ರೀಯ ತಂಡಗಳನ್ನು ಹೋಲಿಸಲು ಕುಳಿತಾಗಲೂ ನಾನು ಮೊದಲು ತೆರೆಯುವುದು ಅದನ್ನೇ.

ರೂಢಿಯಲ್ಲಿರುವ ಕ್ರಮ ಬೇರೆ. ಹನ್ನೊಂದು ಹೆಸರುಗಳ ಎದುರು ಹನ್ನೊಂದು ಹೆಸರುಗಳನ್ನು ಬರೆದು, ಆಟಗಾರರ ಸರಾಸರಿಯನ್ನು ಇಟ್ಟು, ಯಾವ ಕಡೆ ತೂಕ ಹೆಚ್ಚಿದೆ ಎಂದು ನೋಡುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯಾದಲ್ಲಿ ಕೂಕಬುರಾ, ಭಾರತದಲ್ಲಿ ಎಸ್‌ಜಿ ಎಂದು ಬೇರೆ ಬೇರೆ ಗುಣದ ಚೆಂಡು ಬಳಕೆಯಾಗುವ ಆಟದಲ್ಲಿ, ವೃತ್ತಿಜೀವನದ ಒಟ್ಟಾರೆ ಸರಾಸರಿ ಮುಂದಿನ ಐದು ದಿನಗಳ ಬಗ್ಗೆ ಹೇಳುವುದು ಬಹಳ ಕಡಿಮೆ. ಹಾಗಾಗಿ ತವರಿನ ಅಂಕಿಗಳನ್ನೂ ವಿದೇಶದ ಅಂಕಿಗಳನ್ನೂ ಬೇರ್ಪಡಿಸುವುದು ಮೊದಲ ಹೆಜ್ಜೆ. ಅದನ್ನು ಈಗ ಎಲ್ಲರೂ ಮಾಡುತ್ತಾರೆ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ತಂಡ ಮೂರು ಟೆಸ್ಟ್‌ಗಳಿಗಾಗಿ ಭಾರತಕ್ಕೆ ಬಂದಾಗ ಕಾಗದದ ಮೇಲಿನ ಹೋಲಿಕೆ ಏಕಪಕ್ಷೀಯವಾಗಿತ್ತು. ಭಾರತದ ನೆಲದಲ್ಲಿ ಅವರು ಅದುವರೆಗೆ ಗೆದ್ದಿದ್ದು ಎರಡೇ ಟೆಸ್ಟ್: 1969ರಲ್ಲಿ ನಾಗಪುರ, 1988ರಲ್ಲಿ ಮುಂಬೈ. ಭಾರತಕ್ಕೆ ಬರುವ ಹಿಂದಿನ ತಿಂಗಳಷ್ಟೇ ಗಾಲೆಯಲ್ಲಿ ಶ್ರೀಲಂಕಾ ಎದುರು 2–0ಯಿಂದ ಸೋತಿದ್ದರು. ನಾಯಕತ್ವ ಟಿಮ್ ಸೌಥಿ ಅವರಿಂದ ಟಾಮ್ ಲೇಥಮ್ ಅವರಿಗೆ ಬಂದಿತ್ತು, ಕೇನ್ ವಿಲಿಯಮ್ಸನ್ ಗಾಯಾಳುವಾಗಿದ್ದರು. ಇತ್ತ ಭಾರತ ತವರಿನಲ್ಲಿ ಸತತ 18 ಸರಣಿಗಳನ್ನು ಗೆದ್ದ ತಂಡ.

ಈ ಹೋಲಿಕೆಯನ್ನು ಪಕ್ಕಕ್ಕಿಟ್ಟು ನಾನು ಭಾರತದ ತವರಿನ ಪಂದ್ಯಗಳ ವಿಕೆಟ್ ಪತನದ ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಂಡೆ. 2023ರ ದೆಹಲಿ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ 263 ರನ್‌ಗಳಿಗೆ ಉತ್ತರವಾಗಿ ಭಾರತ 7 ವಿಕೆಟ್‌ಗೆ 139 ರನ್ ಗಳಿಸಿ ಕುಸಿದಿತ್ತು. ಅಕ್ಷರ್ ಪಟೇಲ್ 74 ಮತ್ತು ಆರ್. ಅಶ್ವಿನ್ 37 ರನ್ ಗಳಿಸಿ 114 ರನ್‌ಗಳ ಜೊತೆಯಾಟವಾಡಿದ್ದರಿಂದ ತಂಡ 262 ತಲುಪಿತು, ಪಂದ್ಯವನ್ನೂ ಗೆದ್ದಿತು. 2024ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಬಾಂಗ್ಲಾದೇಶದ ಎದುರು 144ಕ್ಕೆ 6 ವಿಕೆಟ್ ಬಿದ್ದಿದ್ದವು. ಅಶ್ವಿನ್ 113, ರವೀಂದ್ರ ಜಡೇಜ 86 ರನ್ ಗಳಿಸಿ, ಮೊತ್ತವನ್ನು 376ಕ್ಕೆ ಒಯ್ದರು. ಮರುದಿನದ ಪತ್ರಿಕೆಗಳಲ್ಲಿ ಇವು ಭಾರತದ ಬ್ಯಾಟಿಂಗ್ ಆಳಕ್ಕೆ ಸಾಕ್ಷಿಯಾಗಿ ಬಂದವು. ಆಳವಿದ್ದದ್ದು ನಿಜ. ಆದರೆ ಅದೇ ಸಾಲನ್ನು ಮೇಲಿನಿಂದ ಓದಿದರೆ, ತವರಿನಲ್ಲೇ ಅಗ್ರ ಕ್ರಮಾಂಕ ಮತ್ತೆ ಮತ್ತೆ ಬೇಗ ಕರಗುತ್ತಿದೆ, ಅದನ್ನು ಈ ಮೂವರು ಸ್ಪಿನ್ ಆಲ್‌ರೌಂಡರ್‌ಗಳು ಮುಚ್ಚಿ ಕಾಯುತ್ತಿದ್ದಾರೆ ಎಂಬುದು ಕಾಣುತ್ತದೆ. ಒಟ್ಟು ಮೊತ್ತವನ್ನಷ್ಟೇ ನೋಡಿದವರಿಗೆ ಈ ಬಿರುಕು ಕಾಣಲು ಸಾಧ್ಯವೇ ಇರಲಿಲ್ಲ.

ಎರಡನೆಯ ಅಂಕಣದಲ್ಲಿ, ಭಾರತದ ಬ್ಯಾಟಿಂಗನ್ನು ಭಾರತದಲ್ಲೇ ಕೆಡವಿದವರು ಯಾರು ಎಂದು ಬರೆದುಕೊಂಡೆ. 2017ರಲ್ಲಿ ಪುಣೆಯಲ್ಲಿ ಸ್ಟೀವ್ ಓ’ಕೀಫ್, ಎರಡೂ ಇನಿಂಗ್ಸ್‌ಗಳಲ್ಲಿ 35ಕ್ಕೆ 6 (35 ರನ್ ಕೊಟ್ಟು 6 ವಿಕೆಟ್). 2021ರಲ್ಲಿ ವಾಂಖೆಡೆಯಲ್ಲಿ ಏಜಾಜ್ ಪಟೇಲ್, ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್. 2023ರಲ್ಲಿ ಇಂದೋರ್‌ನಲ್ಲಿ ಮ್ಯಾಥ್ಯೂ ಕುನೆಮನ್, 16ಕ್ಕೆ 5. 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ಟಾಮ್ ಹಾರ್ಟ್ಲಿ, 62ಕ್ಕೆ 7. ನಾಲ್ವರೂ ಎಡಗೈ ಸ್ಪಿನ್ನರ್‌ಗಳು. ಇವರಲ್ಲಿ ಯಾರೂ ತಮ್ಮ ದೇಶದ ಮೊದಲ ಆಯ್ಕೆಯ ದೊಡ್ಡ ಹೆಸರಾಗಿರಲಿಲ್ಲ. ಸ್ಟಂಪಿನ ನೇರಕ್ಕೆ ವೇಗವಾಗಿ ಚೆಂಡೆಸೆದು, ಒಂದು ತಿರುಗಿದರೆ ಇನ್ನೊಂದು ನೇರ ನುಗ್ಗುವಂತೆ ನೋಡಿಕೊಂಡವರು. ನ್ಯೂಜಿಲೆಂಡ್ ತಂಡದಲ್ಲಿ ಏಜಾಜ್ ಜೊತೆಗೆ ಇನ್ನೊಬ್ಬ ಎಡಗೈ ಸ್ಪಿನ್ನರ್ ಮಿಚೆಲ್ ಸ್ಯಾಂಟ್ನರ್ ಕೂಡ ಇದ್ದರು. ಸರಾಸರಿಯ ಪಟ್ಟಿಯಲ್ಲಿ ಸ್ಯಾಂಟ್ನರ್ ಹೆಸರಿಗೆ ಯಾವ ತೂಕವೂ ಸಿಗುತ್ತಿರಲಿಲ್ಲ, ಏಕೆಂದರೆ ಅದುವರೆಗೆ ಅವರು ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಐದು ವಿಕೆಟ್ ಪಡೆದಿರಲಿಲ್ಲ. ಬೌಲಿಂಗ್‌ನ ಬಗೆಯನ್ನು ಹಿಡಿದು ನೋಡಿದರೆ ಮಾತ್ರ ಅವರ ಹೆಸರಿನ ಕೆಳಗೆ ಗೆರೆ ಎಳೆಯಬೇಕಾಗುತ್ತಿತ್ತು.

ಮೂರನೆಯದು ಸ್ಥಳ. ಮೊದಲ ಟೆಸ್ಟ್ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಸೆಪ್ಟೆಂಬರ್ ಮೊದಲ ವಾರ ಅಲ್ಲೇ ನಡೆದ ದುಲೀಪ್ ಟ್ರೋಫಿ ದೇಶೀಯ ಪಂದ್ಯವನ್ನು ಗ್ಯಾಲರಿಯಲ್ಲಿ ಕುಳಿತು ನೋಡಿದ್ದೆ. ಭಾರತ ಬಿ ತಂಡದ ಬ್ಯಾಟರ್‌ಗಳಿಗೆ ಮೊದಲ ದಿನ ಚೆಂಡನ್ನು ಬಿಡಬೇಕೋ ಆಡಬೇಕೋ ಎಂಬುದೇ ತಿಳಿಯದಂತಿತ್ತು. 94 ರನ್ ಆಗುವಷ್ಟರಲ್ಲಿ ಏಳು ವಿಕೆಟ್ ಉರುಳಿದ್ದವು. ಅಲ್ಲಿಂದ ಮುಶೀರ್ ಖಾನ್ 181 ಮತ್ತು ನವದೀಪ್ ಸೈನಿ 56 ರನ್ ಗಳಿಸಿ ಎಂಟನೇ ವಿಕೆಟ್‌ಗೆ 205 ರನ್ ಸೇರಿಸಿದರು. ಆ ಒಂದೇ ಇನಿಂಗ್ಸ್ ಎರಡು ಸಂಗತಿಗಳನ್ನು ಹೇಳಿತು: ಮೊದಲ ದಿನ ಇಲ್ಲಿ ಹೊಸ ಚೆಂಡು ಕಾಡುತ್ತದೆ, ಚೆಂಡು ಹಳತಾಗಿ ಪಿಚ್ ಒಣಗಿದರೆ ಒಂಬತ್ತನೇ ಕ್ರಮಾಂಕದವರೂ ನಿಂತು ಆಡಬಹುದು. ಅಕ್ಟೋಬರ್ ಎಂದರೆ ಬೆಂಗಳೂರಿಗೆ ಹಿಂಗಾರು ಹೊರಳುವ ಕಾಲ. ನೆಲದಡಿಯ ಸಬ್‌ಏರ್ ಎಂಬ ಒಳಚರಂಡಿ ವ್ಯವಸ್ಥೆ ಮೈದಾನದ ನೀರನ್ನು ಬೇಗ ಹೀರಿ ಆಟಕ್ಕೆ ಅಣಿ ಮಾಡುತ್ತದೆ, ಆದರೆ ಹೊದಿಕೆಯ ಕೆಳಗೆ ಬೆವರಿದ ಪಿಚ್‌ನ ತೇವಕ್ಕೂ ಮೋಡದ ಗಾಳಿಗೂ ಅದರಲ್ಲಿ ಮದ್ದಿಲ್ಲ.

ಈ ಮೂರು ಅಂಕಣಗಳನ್ನು ಒಟ್ಟಿಗೆ ಇಟ್ಟು ನಾನು ಬರೆದುಕೊಟ್ಟದ್ದು ಇಷ್ಟು: ಸರಣಿಯಲ್ಲಿ ಭಾರತದ ಕೈ ಮೇಲಿದೆ, ಆದರೆ ಅಗ್ರ ಕ್ರಮಾಂಕದ ಕುಸಿತವೂ ಆಲ್‌ರೌಂಡರ್‌ಗಳ ವೈಫಲ್ಯವೂ ಒಂದೇ ದಿನ ಕೂಡಿಬಂದರೆ ಆ ಮೇಲುಗೈ ಉಳಿಯುವುದಿಲ್ಲ, ಅಂಥ ದಿನ ಬರುವ ಸಾಧ್ಯತೆ ಬೆಂಗಳೂರಿನಲ್ಲೇ ಹೆಚ್ಚು.

ಮೊದಲ ದಿನದಾಟ ಮಳೆಗೆ ಪೂರ್ಣ ಬಲಿಯಾಯಿತು. ಎರಡನೆಯ ದಿನ ಟಾಸ್ ಗೆದ್ದ ರೋಹಿತ್ ಶರ್ಮಾ ಬ್ಯಾಟಿಂಗ್ ಆಯ್ದುಕೊಂಡರು, ಭಾರತ 46 ರನ್‌ಗಳಿಗೆ ಆಲೌಟ್ ಆಯಿತು. ಮ್ಯಾಟ್ ಹೆನ್ರಿ 15ಕ್ಕೆ 5, ವಿಲಿಯಮ್ ಓ’ರೂರ್ಕ್ 22ಕ್ಕೆ 4. ಭಾರತ ತವರಿನಲ್ಲಿ ಗಳಿಸಿದ ಅತ್ಯಂತ ಕಡಿಮೆ ಮೊತ್ತ ಅದು. ಎಲ್ಲರ ಬಾಯಲ್ಲೂ ಉಳಿದಿರುವುದು ಆ 46; ಆದರೆ ಪಂದ್ಯವನ್ನು ತೀರ್ಮಾನಿಸಿದ್ದು ಅದರ ನಂತರದ ದಿನದ ಜೊತೆಯಾಟ ಎನ್ನುವುದು ನನ್ನ ಅಭಿಪ್ರಾಯ. ನ್ಯೂಜಿಲೆಂಡ್ 233ಕ್ಕೆ 7 ಆಗಿದ್ದಾಗ ರಚಿನ್ ರವೀಂದ್ರ ಮತ್ತು ಸೌಥಿ ಎಂಟನೇ ವಿಕೆಟ್‌ಗೆ 137 ರನ್ ಸೇರಿಸಿದರು. ರಚಿನ್ ಅವರ ತಂದೆ ಇದೇ ಊರಿನಲ್ಲಿ ಕ್ಲಬ್ ಕ್ರಿಕೆಟ್ ಆಡಿದವರು. ಅವರ ಮಗ ಇಲ್ಲಿ 134 ರನ್ ಗಳಿಸಿದ್ದನ್ನು ಕಂಡು ಗ್ಯಾಲರಿಯಲ್ಲಿದ್ದ ನಮ್ಮವರೇ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ನನಗೂ ಸಂತೋಷವಾಯಿತು. ಎರಡನೇ ಇನಿಂಗ್ಸ್‌ನಲ್ಲಿ ಸರ್ಫರಾಜ್ ಖಾನ್ 150, ರಿಷಭ್ ಪಂತ್ 99 ರನ್ ಗಳಿಸಿ ಭಾರತ 3 ವಿಕೆಟ್‌ಗೆ 408 ತಲುಪಿತ್ತು. ಎರಡನೇ ಹೊಸ ಚೆಂಡು ಕೈಗೆ ಬಂದ ಮೇಲೆ ಕೊನೆಯ ಏಳು ವಿಕೆಟ್‌ಗಳು 54 ರನ್‌ಗಳಲ್ಲಿ ಹೋದವು. ಗೆಲುವಿಗೆ ಬೇಕಾಗಿದ್ದು 107, ನ್ಯೂಜಿಲೆಂಡ್ ಎಂಟು ವಿಕೆಟ್‌ಗಳಿಂದ ಗೆದ್ದಿತು.

ಪುಣೆಯಲ್ಲಿ ಸ್ಯಾಂಟ್ನರ್ 53ಕ್ಕೆ 7 ಮತ್ತು 104ಕ್ಕೆ 6 ಪಡೆದರು. ಮುಂಬೈಯಲ್ಲಿ 147ರ ಗುರಿ ಎದುರು ಭಾರತ 29ಕ್ಕೆ 5 ಆಯಿತು. ಪಂತ್ 64 ರನ್ ಗಳಿಸಿದರೂ ಕೆಳಗಿನಿಂದ ಈ ಬಾರಿ ನೆರವು ಬರಲಿಲ್ಲ, ತಂಡ 25 ರನ್‌ಗಳಿಂದ ಸೋತಿತು. ಏಜಾಜ್ ಆ ಪಂದ್ಯದಲ್ಲಿ 11 ವಿಕೆಟ್ ಪಡೆದರು. ಸರಣಿ 3–0ಯಿಂದ ನ್ಯೂಜಿಲೆಂಡ್ ಪಾಲಾಯಿತು.

2025ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಬಂದಾಗ ಇದೇ ಹಾಳೆಯನ್ನು ಮತ್ತೆ ತೆರೆದೆ. ಅವರು ಭಾರತದಲ್ಲಿ ಹಿಂದೆ ಸರಣಿ ಗೆದ್ದಿದ್ದು 2000ನೇ ಇಸವಿಯಲ್ಲಿ. ಅದರ ಎರಡನೇ ಟೆಸ್ಟ್ ಬೆಂಗಳೂರಿನಲ್ಲೇ ನಡೆದಿತ್ತು, ಎಡಗೈ ಸ್ಪಿನ್ನರ್ ನಿಕಿ ಬೊಯೆ ಅದರಲ್ಲಿ ಬ್ಯಾಟಿಂಗ್‌ನಲ್ಲೂ 85 ರನ್ ಗಳಿಸಿದ್ದರು. ಹಾಗಾಗಿ ಈ ಸಲ ಪ್ರವಾಸಿ ತಂಡದ ಕೆಳ ಕ್ರಮಾಂಕಕ್ಕೂ ಒಂದು ಪ್ರತ್ಯೇಕ ಅಂಕಣ ಕೊಟ್ಟೆ. ಕೋಲ್ಕತ್ತದಲ್ಲಿ ಎರಡನೇ ಇನಿಂಗ್ಸ್‌ನಲ್ಲಿ ಅವರು 93ಕ್ಕೆ 7 ಆಗಿದ್ದರು. ನಾಯಕ ತೆಂಬಾ ಬವುಮಾ ಒಂದು ತುದಿಯಲ್ಲಿ ಔಟಾಗದೆ 55 ರನ್ ಗಳಿಸಿ, ಬಾಲಂಗೋಚಿಗಳೊಂದಿಗೆ ತಂಡವನ್ನು 153ಕ್ಕೆ ತಲುಪಿಸಿದರು. 124 ರನ್ ಬೆನ್ನತ್ತಿದ ಭಾರತ 93ಕ್ಕೆ ಆಲೌಟ್ ಆಯಿತು. ಕೊನೆಯ ಮೂರು ವಿಕೆಟ್‌ಗಳಿಂದ ಬಂದ ರನ್ 60, ಸೋಲಿನ ಅಂತರ 30. ಗುವಾಹಟಿಯಲ್ಲಿ ಮೊದಲ ದಿನದ ಅಂತ್ಯಕ್ಕೆ 247ಕ್ಕೆ 6 ಇದ್ದ ಅದೇ ತಂಡ ಸೆನುರನ್ ಮುತ್ತುಸಾಮಿ ಅವರ 109 ಮತ್ತು ಒಂಬತ್ತನೇ ಕ್ರಮಾಂಕದಲ್ಲಿ ಬಂದ ಮಾರ್ಕೊ ಯಾನ್ಸನ್ ಅವರ 93 ರನ್‌ಗಳಿಂದ 489 ತಲುಪಿತು. ಮರು ಇನಿಂಗ್ಸ್‌ನಲ್ಲಿ ಅದೇ ಯಾನ್ಸನ್ 48ಕ್ಕೆ 6 ಪಡೆದು ಭಾರತವನ್ನು 201ಕ್ಕೆ ಕಟ್ಟಿಹಾಕಿದರು. ಈಗ ತಂಡಗಳು ಪ್ರಕಟವಾದಾಗ ನಾನು ಏಳರಿಂದ ಒಂಬತ್ತನೇ ಕ್ರಮಾಂಕದವರೆಗಿನ ಹೆಸರುಗಳನ್ನು ಮೊದಲು ಬರೆದುಕೊಳ್ಳುತ್ತೇನೆ. ಅಗ್ರ ಕ್ರಮಾಂಕದ ಹೋಲಿಕೆಗೆ ಆಮೇಲೆ ಕೈ ಹಾಕುತ್ತೇನೆ.