ಬೀಗದ ಕೈ ಯಾರ ಹತ್ರ ಇದೆ? – ಹಾಸನದ ಸುತ್ತ ನನ್ನ ಒಂದು ವರ್ಷ

ನೆಂಟರು ಬಂದರೆ ನಾವು ಹಾಸನದವರು ಮೂರೇ ಜಾಗ ತೋರಿಸುತ್ತೇವೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಸಂಜೆ ಬೆಂಗಳೂರು ಬಸ್ಸು ಹತ್ತಿಸಿ ಕೈ ಬೀಸಿದರೆ ಮುಗಿಯಿತು. ಮಿಕ್ಕ ಜಿಲ್ಲೆ ಎಷ್ಟೋ ಸಲ ನಮಗೇ ಗೊತ್ತಿರುವುದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ಆ ಕಡೆ ಜನ ಇನ್ನೂ ಜಾಸ್ತಿಯಾದರು. ಅದೇ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತು. ಆಧಾರ್ ತೋರಿಸಿದರೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್. ಕಳೆದ ವರ್ಷ ಅದನ್ನೇ ನೆಚ್ಚಿಕೊಂಡು ನಾನು ದೊಡ್ಡ ಊರುಗಳನ್ನು ಬಿಟ್ಟು ಸಣ್ಣ ಊರುಗಳ ಕಡೆ ಹೊರಟೆ. ವಾರವೆಲ್ಲ ಅಂಗಡಿಯೊಂದರ ಲೆಕ್ಕ ಬರೆಯುವ ಕೆಲಸ, ಭಾನುವಾರ ರಜ. ಬಿಡುವಿದ್ದರೆ ಅಮ್ಮನೂ ಬರುತ್ತಿದ್ದರು.

ಜೊತೆಗೊಂದು ಉದ್ದನೆಯ ನೋಟ್‌ಬುಕ್. ಅದಕ್ಕೆ ಒಂದೇ ನಿಯಮ: ನೋಡಿದ್ದನ್ನು ಅವತ್ತೇ ರಾತ್ರಿ ಬರೆಯಬೇಕು, ಅದಾದ ಮೇಲೆ ಪುಸ್ತಕ ತೆಗೆಯಬೇಕು. ಮೊದಲೇ ಓದಿಕೊಂಡು ಹೋದರೆ ಓದಿದ್ದಷ್ಟೇ ಕಣ್ಣಿಗೆ ಬೀಳುತ್ತದೆ. ಹೊರಡುವ ಮುಂಚೆ ಊರಿನ ಹೆಸರು, ಬಸ್ಸಿನ ಹೊತ್ತು ತಿಳಿದುಕೊಂಡರೆ ಸಾಕು.

ಈ ನಿಯಮ ಏನು ಕೊಡುತ್ತದೆ ಅಂತ ಗೊತ್ತಾಗಿದ್ದು ದೊಡ್ಡಗದ್ದವಳ್ಳಿಯಲ್ಲಿ. ಹಾಸನದಿಂದ ಬೇಲೂರು ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಮೇನ್ ರೋಡಿನಲ್ಲಿ ಇಳಿದು ಒಳಗೆ ನಡೆಯಬೇಕು. ಕೆರೆ ಪಕ್ಕದಲ್ಲಿ ಲಕ್ಷ್ಮೀದೇವಿ ಗುಡಿ. ಒಳಗೆ ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ. ಅದರಲ್ಲೊಂದು ಕಾಳಿಯದು. ಅವತ್ತು ರಾತ್ರಿ ನಾನು ಬರೆದದ್ದು ಹೀಗಿದೆ: "ಕಾಳಿ ಬಾಗಿಲಲ್ಲಿ ಇಬ್ಬರು ನಿಂತಿದ್ದಾರೆ. ಆಳೆತ್ತರ. ಮೈಮೇಲೆ ಬಟ್ಟೆ ಇಲ್ಲ, ಮಾಂಸವೂ ಇಲ್ಲ. ಪಕ್ಕೆಲುಬು ಎಣಿಸಬಹುದು. ಅಮ್ಮ ಒಳಗೆ ಬರಲಿಲ್ಲ." ಅವು ಬೇತಾಳಗಳು ಅಂತ ಆಮೇಲೆ ಓದಿದೆ. ಮೊದಲೇ ಗೊತ್ತಿದ್ದಿದ್ದರೆ 'ಎರಡು ಬೇತಾಳ ವಿಗ್ರಹಗಳಿವೆ' ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಿದ್ದೆ. ಈ ಗುಡಿ ಬೇಲೂರಿನ ಚೆನ್ನಕೇಶವನಿಗಿಂತ ಮೂರ್ನಾಲ್ಕು ವರ್ಷ ಹಿರಿಯದು. ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತ ಅನ್ನುವ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಬೇಲೂರಿಗೆ ಹೋಗುವ ಕಾರುಗಳಲ್ಲಿ ಎಷ್ಟು ಇಲ್ಲಿಗೆ ತಿರುಗುತ್ತವೋ ಏನೋ. ನಾವಿದ್ದಷ್ಟು ಹೊತ್ತು ಒಂದೂ ಬರಲಿಲ್ಲ.

ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಸಾಮಾನ್ಯವಾಗಿ ಕಾವಲಿಗೆ ಒಬ್ಬರು ಇರುತ್ತಾರೆ, ಬಾಗಿಲು ತೆಗೆದಿರುತ್ತದೆ. ಊರವರ ಪೂಜೆ ನಡೆಯುವ ಸಣ್ಣ ಗುಡಿಗಳ ಕತೆ ಬೇರೆ. ಅಯ್ನೋರು ಬೆಳಿಗ್ಗೆ ಬಂದು ಪೂಜೆ ಮುಗಿಸಿ ಬೀಗ ಹಾಕಿಕೊಂಡು ಹೋಗಿರುತ್ತಾರೆ. ಮೊದಮೊದಲು ಬೀಗ ಕಂಡರೆ ಬೇಜಾರಾಗುತ್ತಿತ್ತು. ಬರಬರುತ್ತಾ ಬೀಗ ಹಾಕಿರಲಿ ಅಂತಲೇ ಮನಸ್ಸು ಬಯಸತೊಡಗಿತು. ಯಾಕೆಂದರೆ "ಬೀಗದ ಕೈ ಯಾರ ಹತ್ರ ಇದೆ?" ಅಂತ ಕೇಳಿದ ಮೇಲೆ ಆ ಊರು ನಮ್ಮನ್ನು ಸುಮ್ನೆ ಬಿಡುವುದಿಲ್ಲ.

ಅರಸೀಕೆರೆ ತಾಲ್ಲೂಕಿನ ಒಂದು ಊರು. ಅವರೆಕಾಯಿ ಕಾಲ. ಗುಡಿಗೆ ಬೀಗ. ಟೀ ಅಂಗಡಿಯವರನ್ನು ಕೇಳಿದರೆ, "ಅಯ್ನೋರು ಆಗ್ಲೇ ಹೋದ್ರು ಕಣಕ್ಕ. ಇನ್ನೊಂದು ಕೈ ಆ ಹೆಂಚಿನ ಮನೆ ಅಜ್ಜಿ ತಾವ ಐತೆ" ಅಂದರು. ಅಜ್ಜಿ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಯಾರ ಮಗಳವ್ವ ನೀನು?"

"ಹಾಸನದೋಳು ಅಜ್ಜಿ. ಗುಡಿ ನೋಡೋಣ ಅಂತ ಬಂದೆ."

"ಗುಡಿ ಇರ್ಲಿ, ಎಲ್ಲೂ ಓಗಲ್ಲ. ಮೊದ್ಲು ಹಿತ್ಲಲ್ಲಿರೋ ಕಲ್ಲು ನೋಡು ಬಾ."

ಹಿತ್ತಿಲಲ್ಲಿ, ದನದ ಕೊಟ್ಟಿಗೆಗೆ ಒರಗಿದಂತೆ, ಎದೆಮಟ್ಟದ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ, ಎದುರಿಗೆ ಮೂವರು. ಅವನ ಬೆನ್ನ ಹಿಂದೆ ಸಾಲಾಗಿ ಹಸುಗಳು. ಕೊನೆಯ ಹಸು ತಲೆ ತಿರುಗಿಸಿ ಅವನನ್ನೇ ನೋಡುತ್ತಿದೆ. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಅಪ್ಸರೆಯರು ಅವನ ತೋಳಿಗೆ ಕೈ ಕೊಟ್ಟು ಮೇಲೆ ಕರೆದೊಯ್ಯುತ್ತಿದ್ದಾರೆ. ಮೇಲ್ಗಡೆ ಲಿಂಗ, ಅದರ ಮುಂದೆ ಕೈಮುಗಿದು ಕೂತವನೂ ಅವನೇ. ತುರುಗೊಳಲ್ಲಿ, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ಕಲ್ಲು. ನಮ್ಮ ಕಡೆ ಇಂಥವು ಹೆಜ್ಜೆಗೊಂದು ಸಿಗುತ್ತವೆ. ಆದರೆ ಆ ತಲೆ ತಿರುಗಿಸಿದ ಹಸುವನ್ನು ನಾನು ಬೇರೆಲ್ಲೂ ನೋಡಿಲ್ಲ. ಪಕ್ಕದಲ್ಲಿ ಅರ್ಧ ಹೂತುಹೋದ ಮಾಸ್ತಿಕಲ್ಲು. ಕಂಬದಿಂದ ಹೊರಟ ಒಂದು ತೋಳು, ಮೊಣಕೈಗೆ ಮಡಿಸಿ ಮೇಲೆತ್ತಿದ ಅಂಗೈ, ಮುಂಗೈ ತುಂಬ ಬಳೆ. ಗಂಡನ ಜೊತೆ ಚಿತೆ ಏರಿದವಳ ಕಲ್ಲದು. ಅಜ್ಜಿ ಅದರ ಬಳೆ ಮೇಲೆ ಕೈಯಾಡಿಸಿ "ಇವ್ಳಿಗೆ ಹಬ್ಬಕ್ಕೆ ಅರಿಶಿನ ಕುಂಕುಮ ಇಡ್ತೀವಿ" ಅಂದರು. ವೀರನಿಗೆ ಏನೂ ಇಲ್ಲವಂತೆ, ವರ್ಷಕ್ಕೊಂದು ಸಲ ಸುಣ್ಣ ಅಷ್ಟೇ.

ಆ ಸುಣ್ಣದ ಅಡಿಯಲ್ಲಿ ಅಕ್ಷರ ಇತ್ತು. ಇಂಥ ಕಡೆ ನಾನು ಮಾಡುವುದಿಷ್ಟು. ಕೆರೆಯುವುದಿಲ್ಲ, ಸೀಮೆಸುಣ್ಣ ತುಂಬುವುದಿಲ್ಲ. ಕಲ್ಲಿನ ಮೇಲೆ ಬಟ್ಟೆಯ ನೆರಳು ಮಾಡಿ, ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಿಂದ ಹಿಡಿಯುತ್ತೇನೆ. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಬಿಟ್ಟರೆ ಕೊರೆದ ಗೆರೆಯಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಬಿಸಿಲಿನಲ್ಲಾದರೆ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಬೇಕು, ನಡುಮಧ್ಯಾಹ್ನ ಕಲ್ಲು ಸಪ್ಪಗಿರುತ್ತದೆ. ಅವತ್ತು ಕಂಡದ್ದು 'ಸ್ವಸ್ತಿ ಶ್ರೀ' ಮತ್ತು ಅಲ್ಲೊಂದು ಇಲ್ಲೊಂದು ಅಕ್ಷರ. ಹೊಯ್ಸಳರ ಕಾಲದ ಬರಹಕ್ಕೆ ಕಣ್ಣು ಪಳಗಿದರೆ ಇನ್ನೂ ಕೆಲವು ಹೊಳೆಯುತ್ತವೆ.

ಮನೆಗೆ ಬಂದ ಮೇಲೆ ನೋಡುವ ಪುಸ್ತಕ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕ. ಹಾಸನ ಜಿಲ್ಲೆಯದು ಐದನೇ ಸಂಪುಟ, 1902ರದು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ತಾಲ್ಲೂಕುವಾರು ನಂಬರ್ ಹಾಕಿ, ಯಾವ ಊರಿನ ಯಾವ ಗುಡಿ ಹತ್ತಿರ ಕಲ್ಲಿದೆ ಅಂತ ಬರೆದಿದ್ದಾರೆ. ಊರಿನ ಹೆಸರು ಹಿಡಿದು ಹುಡುಕುವುದೇ ಒಂದು ಆಟ. ಅಜ್ಜಿಯ ಹಿತ್ತಿಲ ಕಲ್ಲು ಅದರಲ್ಲಿ ನನಗೆ ಸಿಗಲಿಲ್ಲ.

ಕಲ್ಲಿನಲ್ಲಿ ಹೆಸರು ಹುಡುಕುವ ಚಾಳಿ ಹತ್ತಿದ್ದು ನುಗ್ಗೇಹಳ್ಳಿಯಿಂದ. ಚನ್ನರಾಯಪಟ್ಟಣ ತಾಲ್ಲೂಕು, ತಿಪಟೂರು ರಸ್ತೆ. ಅಲ್ಲಿನ ಲಕ್ಷ್ಮೀನರಸಿಂಹ ಗುಡಿಯನ್ನು 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಕೆತ್ತಿದವರಲ್ಲಿ ಬೈಚೋಜ, ಮಲ್ಲಿತಮ್ಮ ಅನ್ನುವ ಇಬ್ಬರ ಹೆಸರು ಗೋಡೆ ಮೇಲೇ ಇದೆ. ವಿಗ್ರಹದ ಕಾಲಡಿ, ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ. ಹನ್ನೆರಡು ವರ್ಷ ಕಳೆದು, 1258ರಲ್ಲಿ ಸೋಮನಾಥಪುರದ ಗುಡಿ ಎದ್ದಾಗ ಅಲ್ಲೂ ಇದೇ ಮಲ್ಲಿತಮ್ಮ ಇದ್ದಾನೆ. ಅಲ್ಲಿ ಕೆಲವು ಕಡೆ 'ಮಲ್ಲಿ' ಅಂತಷ್ಟೇ, ಕೆಲವು ಕಡೆ ಬರೀ 'ಮ'. ಅಷ್ಟೊತ್ತಿಗೆ ಕೆಲಸ ಜಾಸ್ತಿಯಾಗಿ ಸಹಿ ಚಿಕ್ಕದಾಯಿತೋ ಏನೋ! ನುಗ್ಗೇಹಳ್ಳಿಯ ಗೋಡೆ ಸುತ್ತುವುದಕ್ಕೇ ನನಗೆ ಅರ್ಧ ದಿನ ಬೇಕಾಯಿತು. ಅಮ್ಮ ಜಗತಿ ಮೇಲೆ ಕೂತು ಒಂದು ನಿದ್ದೆ ಮುಗಿಸಿದ್ದರು.

ಮಂಜರಾಬಾದ್ ಕೋಟೆಗೆ ಮಳೆಗಾಲದಲ್ಲಿ ಹೋದೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ. ಮಂಜಿನಲ್ಲಿ ಒಂದು ಮೂಲೆಯೂ ಸರಿಯಾಗಿ ಕಾಣಲಿಲ್ಲ. ಡ್ರೋನ್ ಫೋಟೊದಲ್ಲಿ ಚೆಂದ. ಕಾಲ್ನಡಿಗೆಯವರಿಗೆ ಸಕಲೇಶಪುರದ ಅಕ್ಕಿರೊಟ್ಟಿಯೇ ಲಾಭ.

ಶೆಟ್ಟಿಹಳ್ಳಿ ಚರ್ಚಿಗೆ ಮಾತ್ರ ಎರಡು ಕಾಲದಲ್ಲಿ ಹೋಗಲೇಬೇಕು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಸುತ್ತಲ ಊರು ಖಾಲಿಯಾಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಕಮಾನಿನವರೆಗೂ ಏರುತ್ತದೆ. ದಡದಲ್ಲಿ ಫೋಟೊ ತೆಗೆಯುವವರ ಜಾತ್ರೆ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಒಳಗೇ ಹೋಗಬಹುದು. ಗೋಡೆ ಮೇಲೆ ನೀರು ನಿಂತ ಮಟ್ಟ ಗೆರೆಗೆರೆಯಾಗಿ ಉಳಿದಿತ್ತು. ಕುರಿ ಮೇಯಿಸುತ್ತಿದ್ದವರು ಒಂದೊಂದು ಗೆರೆ ತೋರಿಸಿ "ಇದು ಮಳೆ ಜಾಸ್ತಿ ಆದ ವರ್ಷ, ಇದು ಕೈಕೊಟ್ಟ ವರ್ಷ" ಅಂತ ಹೇಳಿದರು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರು ಅಂತಲೂ ಹೇಳಿದರು. ಅದನ್ನು ಎಲ್ಲರೂ ಹೇಳುತ್ತಾರೆ. ನೀರಿನ ಗೆರೆ ಓದುವುದನ್ನು ಹೇಳಿಕೊಟ್ಟವರು ಅವರೊಬ್ಬರೇ.

ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸು. ಆಗ ನಮ್ಮೂರಿನ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲ ಬಸ್ಸೂ ಹಾಸನಕ್ಕೆ ತುಂಬಿಕೊಂಡು ಬಂದು ಖಾಲಿ ಹೋಗುತ್ತವೆ. ಆ ಖಾಲಿ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು ಹಲ್ಮಿಡಿಗೆ ಹೋದೆ. ಕನ್ನಡದ ಮೊದಲ ಶಾಸನ ಅಂತ ಹೆಸರಾದ, ಸುಮಾರು ಕ್ರಿ.ಶ. 450ರ ಶಾಸನ ಸಿಕ್ಕ ಊರು. ಮೂಲ ಕಲ್ಲು ಈಗ ಊರಲ್ಲಿಲ್ಲ, ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ತಾಳಗುಂದದ ಶಾಸನ ಇದಕ್ಕಿಂತ ಹಳೆಯದು ಅನ್ನುವ ಮಾತು ಈಗ ಕೇಳಿಬರುತ್ತಿದೆ. ಅಲ್ಲಿ ಸಿಕ್ಕ ಮೇಷ್ಟ್ರೊಬ್ಬರ ಹತ್ತಿರ ಹಾಗಂದೆ. ಅವರು ನಕ್ಕು, "ನಮ್ಮೂರ ಹೆಸರು ಪಾಠಪುಸ್ತಕದಿಂದ ತೆಗೆಯೋಕಾಗುತ್ತಾ ಮೇಡಂ?" ಅಂದರು.

ಹೊಸದಾಗಿ ಹೊರಡುವವರು ಕೇಳುವುದು ಖರ್ಚಿನ ವಿಷಯ. ಶಕ್ತಿ ಟಿಕೆಟ್ ಸಾಮಾನ್ಯ ಸಾರಿಗೆ, ವೇಗದೂತ ಬಸ್ಸುಗಳಿಗೆ ಸಾಕು. ರಾಜಹಂಸ, ಐರಾವತಕ್ಕೆ ನಡೆಯುವುದಿಲ್ಲ. ಹೇಗೂ ಈ ಊರುಗಳಿಗೆ ಅವು ಬರುವುದೂ ಇಲ್ಲ. ಇಳಿಯುವಾಗಲೇ ಕಂಡಕ್ಟರ್‌ಗೆ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿ, ಟೀ ಅಂಗಡಿಯಲ್ಲಿ ಅದನ್ನೇ ಇನ್ನೊಮ್ಮೆ ಕೇಳಿ. ಎರಡೂ ಉತ್ತರ ಒಂದೇ ಆಗಿದ್ದರೆ ನಂಬಬಹುದು. ಹೆಣ್ಣುಮಕ್ಕಳು ಒಬ್ಬರೇ ಹೋದರೆ "ಜೊತೆಗೆ ಯಾರೂ ಬಂದಿಲ್ವಾ?" ಅನ್ನುವ ಪ್ರಶ್ನೆ ತಪ್ಪದು. ಸಿಟ್ಟು ಮಾಡಿಕೊಳ್ಳಬೇಡಿ. ನನ್ನ ಅನುಭವದಲ್ಲಿ ಕೇಳಿದವರೇ ಊಟಕ್ಕೆ ಕೂರಿಸಿದ್ದಾರೆ.

ಅರಕಲಗೂಡು ಕಡೆ ಪೂರ್ತಿ ಬಾಕಿ ಇದೆ. ಮೊದಲು ರಾಮನಾಥಪುರ, ಕಾವೇರಿ ದಡ. ಅಲ್ಲಿ ಹೊಳೆಯ ಮೀನು ಹಿಡಿಯುವಂತಿಲ್ಲವಂತೆ. ಮಂಡಕ್ಕಿ ಎಸೆಯೋದಿದೆ ಅಂತ ಅಮ್ಮ ಈ ಸಲ ತಾವಾಗಿಯೇ ಚೀಲ ತೆಗೆದಿಟ್ಟಿದ್ದಾರೆ.